ಬಕೆಟ್ಟಿನಿಂದ ಕ್ಯಾಪ್ಸೂಲಿಗೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯಲ್ಲಿ ಹಾದು ಕೋಲಾರದ ಚಿನ್ನದ ಗಣಿಗೆ, ಅಂದರೆ ಕೆಜಿಎಫ್‌ಗೆ, ಬಂತು. ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಬೇತಮಂಗಲದಿಂದ ಪೈಪಿನಲ್ಲಿ ಪಾಲಾರ್ ನೀರು ಬಂತು. ಮನುಷ್ಯರನ್ನು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಸಿ ಮೇಲೆತ್ತುವ ಯಂತ್ರಗಳು ಬಂದವು. ಕಾರ್ಮಿಕರ ಲೈನುಗಳ ಕಕ್ಕಸಿಗೆ ಮಾತ್ರ ನೀರು ಬರಲಿಲ್ಲ. ಗಣಿ ಬ್ರಿಟಿಷ್ ಕಂಪನಿಯಿಂದ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಉದ್ಯಮಕ್ಕೆ ಕೈ ಬದಲಾದರೂ, ಒಣ ಕಕ್ಕಸುಗಳು ತೊಂಬತ್ತರ ದಶಕದವರೆಗೆ ಹಾಗೇ ಇದ್ದವು. ತಗಡಿನಲ್ಲಿ ಕೆರೆದು, ಬಕೆಟ್ಟಿಗೆ ತುಂಬಿ, ಗಾಡಿಗೆ ಸುರಿದು ಬರುವ ಕೆಲಸ ಕೆಲವೇ ಮನೆತನಗಳಿಗೆ ಹುಟ್ಟಿನಿಂದ ಅಂಟಿಕೊಂಡಿತ್ತು.

ಅಂಥದೊಂದು ಮನೆಯಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅಪ್ಪ, ಅಣ್ಣ ಎಲ್ಲರೂ ಇದೇ ಕೆಲಸದವರು. ಓದಿಕೊಂಡ ಹುಡುಗ ಒಂದು ದಿನ ಮಲ ಸುರಿಯುವ ಜಾಗಕ್ಕೆ ಹೋಗಿ ನಿಂತಾಗ ಒಂದು ಬಕೆಟ್ಟು ಗುಂಡಿಗೆ ಬಿತ್ತು. ಕೆಲಸಗಾರನೊಬ್ಬ ತೋಳು ಮಡಚಿ ಬರಿಗೈ ಹಾಕಿ ಅದನ್ನೆತ್ತಿದ. ಆ ದಿನ ತಾನು ಎಷ್ಟು ಅತ್ತೆನೆಂಬುದನ್ನು ವಿಲ್ಸನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ಅವರು ಕಕ್ಕಸುಗಳ ಫೋಟೋ ತೆಗೆದರು, ಆಡಳಿತಕ್ಕೆ, ಪ್ರಧಾನಿಗೆ ಪತ್ರ ಬರೆದರು. ಪತ್ರಿಕೆಯಲ್ಲಿ ಸುದ್ದಿಯಾಗಿ ಸಂಸತ್ತಿನವರೆಗೂ ಹೋದ ಮೇಲೆ ಕೆಜಿಎಫ್‌ನ ಕಕ್ಕಸುಗಳಿಗೆ ನೀರು ಬಂತು, ಬಕೆಟ್ಟು ಹೊರುತ್ತಿದ್ದವರಿಗೆ ಬೇರೆ ಕೆಲಸ ಸಿಕ್ಕಿತು. ಸಫಾಯಿ ಕರ್ಮಚಾರಿ ಆಂದೋಲನ ಶುರುವಾದದ್ದು ಆ ಹೋರಾಟದ ಬೆನ್ನಲ್ಲೇ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ವೈದ್ಯಶಾಸ್ತ್ರದ ಪುಸ್ತಕದಲ್ಲಿ ಇದೇಕೆ ಎಂದರೆ, ಈ ಅಧ್ಯಾಯದ ವಿಷಯವೂ ಆ ಬಕೆಟ್ಟಿನೊಳಗಿನದೇ. ಅದನ್ನೇ ಇವತ್ತು ಕೆಲವು ಆಸ್ಪತ್ರೆಗಳಲ್ಲಿ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಸೋಸುತ್ತಾರೆ, ಗ್ಲಿಸರಿನ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಕಾಪಿಡುತ್ತಾರೆ. ಆಮೇಲೆ ಸಾಯುವಷ್ಟು ಬಳಲಿದ ರೋಗಿಯ ಕರುಳಿಗೆ ಸೇರಿಸುತ್ತಾರೆ. ಇದಕ್ಕೆ ಮಲ ಕಸಿ ಎಂದು ಹೆಸರು.

ಮಲ ಮತ್ತು ಬಾಯಿ ಎಂದೂ ಸಂಧಿಸಬಾರದು ಎಂಬುದೇ ನೂರೈವತ್ತು ವರ್ಷಗಳ ಸಾರ್ವಜನಿಕ ಆರೋಗ್ಯದ ಮೊದಲ ಪಾಠ. ಕಾಲರಾ, ಟೈಫಾಯ್ಡ್, ಪೋಲಿಯೊ, ಆಮಶಂಕೆ ಎಲ್ಲಕ್ಕೂ ದಾರಿ ಅದೇ. ಗಣಿಗಳಿಗೆ ಇನ್ನೊಂದು ಶತ್ರುವಿತ್ತು, ಕೊಕ್ಕೆಹುಳು. ಕೆಳಗೆ ಹೋದಂತೆಲ್ಲ ಬಂಡೆ ಬಿಸಿ, ನೆಲ ತೇವ, ಕಕ್ಕಸು ಇಲ್ಲ. ಮಲದ ಜೊತೆ ಬಿದ್ದ ಮೊಟ್ಟೆ ಅಲ್ಲೇ ಮರಿಯಾಗಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. 1902ರಲ್ಲೇ, ಕೆಜಿಎಫ್‌ಗೆ ವಿದ್ಯುತ್ತು ಬಂದ ವರ್ಷ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಡಾಲ್ಕೋತ್ ಗಣಿಯಲ್ಲಿ ಬಾಯ್ಕಾಟ್ ಮತ್ತು ಹಾಲ್ಡೇನ್ ಎಂಬ ವಿಜ್ಞಾನಿಗಳು ಅಲ್ಲಿನ ಕಾರ್ಮಿಕರನ್ನು ಬಿಳಿಚಿಸಿದ್ದ ರಕ್ತಹೀನತೆಗೆ ಕೊಕ್ಕೆಹುಳುವೇ ಕಾರಣ ಎಂದು ತೋರಿಸಿದರು. ಚಳಿದೇಶಕ್ಕೆ ಅದು ಬಂದದ್ದು ಹೊರದೇಶದ ಬಿಸಿ ಗಣಿಗಳಲ್ಲಿ ದುಡಿದು ಮರಳಿದವರ ಹೊಟ್ಟೆಯಲ್ಲಿ ಎಂಬ ತರ್ಕವಿತ್ತು. ಕಾರ್ನ್‌ವಾಲಿನವರು ಆಗ ಕೋಲಾರವೂ ಸೇರಿದಂತೆ ಗಣಿಯಿದ್ದಲ್ಲೆಲ್ಲ ಇದ್ದರು.

ಇಂಥ ಚರಿತ್ರೆ ಇರುವಾಗ ಮಲವನ್ನು ಔಷಧಿ ಎನ್ನಲು ಗಟ್ಟಿ ಕಾರಣವೇ ಬೇಕು. ಆ ಕಾರಣ ಒಂದು ಹಠಮಾರಿ ರೋಗಾಣುವಿನಿಂದ ಬಂತು.

ಕೆಜಿಎಫ್ ಪಕ್ಕದ ಬಂಗಾರಪೇಟೆಯವರಿಗೆ ಹೊಟ್ಟೆ ಕೆಟ್ಟರೆ ಆರೋಪ ಮೊದಲು ಹೋಗುವುದು ಪಾನಿಪುರಿಯ ಮೇಲೆ. ಊರಿನ ಹೆಸರನ್ನು ಬೆಂಗಳೂರಿನ ಬೀದಿಬೀದಿಗೆ ಒಯ್ದ ಆ ಪಾನಿಪುರಿಯ ನೀರಿಗೆ ಬಣ್ಣವಿಲ್ಲ. ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಕೆಟ್ಟ ನೀರಿನಿಂದ ಭೇದಿ ಬರಬಹುದು, ನಿಜ. ಅಂಥ ಭೇದಿ ಬಹುತೇಕ ಎರಡು ಮೂರು ದಿನಕ್ಕೆ ತಾನೇ ನಿಲ್ಲುತ್ತದೆ. ಓಆರ್‌ಎಸ್ ಕುಡಿಯುತ್ತ, ಗಂಜಿ ಮಜ್ಜಿಗೆಯಲ್ಲಿ ಕಳೆದರೆ ಸಾಕು. ನಾವು ಹಾಗೆ ಕಳೆಯುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗಿ "ಲೂಸ್ ಮೋಷನ್‌ಗೆ ಒಂದು ಮಾತ್ರೆ ಕೊಡಿ" ಎನ್ನುತ್ತೇವೆ. ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಕೂಡಿದ ಮಾತ್ರೆ ಕೈಗೆ ಬರುತ್ತದೆ. ಎರಡು ನುಂಗಿ, ಹೊಟ್ಟೆ ನಿಂತ ಮೇಲೆ ಉಳಿದದ್ದನ್ನು ಮನೆಯ ಡಬ್ಬಿಯಲ್ಲಿಟ್ಟು, ಮುಂದಿನ ಸಲ ನೆರೆಯವರಿಗೆ ಕೊಡುತ್ತೇವೆ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆ ಏತಕ್ಕೆ ಎಂದು ಕೇಳುವವರು ವಿರಳ. ಡಾಕ್ಟರರ ಚೀಟಿಯಿಲ್ಲದೆ ನುಂಗಬೇಡಿ ಎಂಬುದೇ ಅದರ ಅರ್ಥ.

ಈ ಅಧ್ಯಾಯದ ಕಾಯಿಲೆ ಹೆಚ್ಚಿನ ಸಲ ಹುಟ್ಟುವುದು ಇಲ್ಲೇ, ಮಾತ್ರೆಯ ಬೆನ್ನಿಗೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾವನ್ನು ಡಾಕ್ಟರುಗಳು ಸಿ-ಡಿಫ್ ಎನ್ನುತ್ತಾರೆ. 1935ರಲ್ಲಿ ಹಾಲ್ ಮತ್ತು ಓಟೂಲ್ ಎಂಬಿಬ್ಬರು ಇದನ್ನು ಮೊದಲು ಕಂಡದ್ದು ಆರೋಗ್ಯವಾಗಿದ್ದ ಎಳೆಗೂಸುಗಳ ಮಲದಲ್ಲಿ. ಪ್ರಯೋಗಶಾಲೆಯಲ್ಲಿ ಬೆಳೆಸಲು ಕಷ್ಟ ಕೊಟ್ಟಿತೆಂದು ಆ ಹೆಸರು. ಮುಂದಿನ ನಾಲ್ಕು ದಶಕ ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಆಮೇಲೆ ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ದೊಡ್ಡ ಕರುಳಿನ ಒಳಗೋಡೆಯ ಮೇಲೆ ಹಳದಿ ಪೊರೆ ಕಟ್ಟುವ ಭಯಂಕರ ಭೇದಿ ಕಾಣಿಸಿಕೊಂಡಿತು. 1978ರಲ್ಲಿ ತನಿಖೆ ಮುಗಿದಾಗ ಸಿಕ್ಕಿಬಿದ್ದದ್ದು ಇದೇ ಹಳೇ ಪರಿಚಯದ ಜೀವಿ. ಅದು ಉಗುಳುವ ಎರಡು ವಿಷಗಳು ಕರುಳಿನ ಪದರದ ಜೀವಕೋಶಗಳನ್ನು ಒಡೆಯುತ್ತವೆ. ದಿನಕ್ಕೆ ಹತ್ತು ಹದಿನೈದು ಸಲ ನೀರು ಭೇದಿ, ಹೊಟ್ಟೆನೋವು, ಜ್ವರ. ವಯಸ್ಸಾದವರಲ್ಲಿ, ಆಸ್ಪತ್ರೆಯಲ್ಲಿ ಬಹಳ ದಿನ ಇದ್ದವರಲ್ಲಿ ಪ್ರಾಣಕ್ಕೇ ಕುತ್ತು.

ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೇ ಏಕೆ? ಕೋಲಾರದ ಕಡೆ ಹೊಲವಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಬದುವಿನ ಹುಲ್ಲು, ತುಂಬೆ, ಗರಿಕೆ ಎಲ್ಲದಕ್ಕೂ ಕಳೆನಾಶಕ ಹೊಡೆದು ನೆಲ ಬೋಳು ಮಾಡಿ ನೋಡಿ, ಮಳೆ ಬಿದ್ದಾಗ ಎಲ್ಲಕ್ಕಿಂತ ಮೊದಲು ತಲೆಯೆತ್ತುವುದು ಕಾಂಗ್ರೆಸ್ ಗಿಡ. ಅದರ ಬೀಜ ಹೊಲದಲ್ಲಿ ಮೊದಲೂ ಇತ್ತು. ಜಾಗ ಇರಲಿಲ್ಲ ಅಷ್ಟೇ. ಸಿ-ಡಿಫ್‌ನ ಬೀಜಕಗಳೂ ಅಂಥವೇ. ಬಿಸಿ, ಒಣಗು, ಹೊಟ್ಟೆಯ ಆಮ್ಲ ಯಾವುದಕ್ಕೂ ಅಂಜದೆ ತಿಂಗಳುಗಟ್ಟಲೆ ಕಾದು ಕೂರುತ್ತವೆ. ಕೈಗೆ ತಿಕ್ಕುವ ಸ್ಯಾನಿಟೈಸರಿನ ಆಲ್ಕೊಹಾಲ್ ಅವುಗಳನ್ನು ಕೊಲ್ಲುವುದಿಲ್ಲ. ಅದಕ್ಕೇ ಸಿ-ಡಿಫ್ ರೋಗಿಯನ್ನು ಮುಟ್ಟಿದವರು ಸೋಪು ಹಚ್ಚಿ ಹರಿಯುವ ನೀರಿನಲ್ಲೇ ಕೈ ತೊಳೆಯಬೇಕು ಎಂಬ ನಿಯಮ.

ಜಾಗದ ಮಾತು ಅರ್ಧ ಸತ್ಯ. ಉಳಿದರ್ಧ ಪಿತ್ತರಸದಲ್ಲಿದೆ, ನನಗಂತೂ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಅದು. ಜಿಡ್ಡು ಅರಗಿಸಲೆಂದು ನಮ್ಮ ಯಕೃತ್ತು ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಈ ಮೂಲ ಪಿತ್ತಾಮ್ಲ, ಅದರಲ್ಲೂ ಟಾರೋಕೋಲೇಟ್ ಎಂಬುದು, ಸಿ-ಡಿಫ್ ಬೀಜಕಕ್ಕೆ ಎಚ್ಚರಗೊಳ್ಳುವ ಸಂಕೇತ. ಆದರೆ ಆರೋಗ್ಯವಾದ ದೊಡ್ಡ ಕರುಳಿನಲ್ಲಿ ಕ್ಲಾಸ್ಟ್ರಿಡಿಯಮ್ ಸಿಂಡೆನ್ಸ್‌ನಂಥ ಕೆಲವೇ ಜಾತಿಯ ಬ್ಯಾಕ್ಟೀರಿಯಾಗಳು ಆ ಆಮ್ಲದ ಅಣುವಿನಿಂದ ಒಂದು ಸಣ್ಣ ತುಣುಕನ್ನು ಕಿತ್ತು ಅದನ್ನು ಡಿಆಕ್ಸಿಕೋಲೇಟ್ ಮಾಡುತ್ತವೆ. ಸಿ-ಡಿಫ್ ಬೆಳೆಯದಂತೆ ತಡೆಯುವುದು ಈ ಡಿಆಕ್ಸಿಕೋಲೇಟ್. ಆ್ಯಂಟಿಬಯಾಟಿಕ್ಕಿನಿಂದ ಈ ಕೆಲಸಗಾರರು ಸತ್ತರೆ ಎಬ್ಬಿಸುವ ಆಮ್ಲ ಹೆಚ್ಚುತ್ತದೆ, ತಡೆಯುವ ಆಮ್ಲ ಇಲ್ಲವಾಗುತ್ತದೆ. ನಮ್ಮ ದೇಹದಲ್ಲಿರುವ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳ ಪೈಕಿ ಲೆಕ್ಕಕ್ಕೆ ಸಿಗದಷ್ಟು ಚಿಕ್ಕ ಗುಂಪಿನ ಮೇಲೆ ಇಷ್ಟು ದೊಡ್ಡ ಜವಾಬ್ದಾರಿ.

ಸಿ-ಡಿಫ್‌ಗೆ ಮದ್ದಿದೆ. ವ್ಯಾಂಕೋಮೈಸಿನ್ ಕುಡಿಸಿದರೆ ಭೇದಿ ನಿಲ್ಲುತ್ತದೆ. ವ್ಯಾಂಕೋಮೈಸಿನ್ ಕೂಡ ಆ್ಯಂಟಿಬಯಾಟಿಕ್ಕೇ, ಬೀಜಕಗಳನ್ನು ಮುಟ್ಟದೆ ಉಳಿದ ಹಸಿರನ್ನೂ ಸುಡುತ್ತದೆ. ಮೊದಲ ಸಲ ವಾಸಿಯಾದವರಲ್ಲಿ ನಾಲ್ಕೈದು ಮಂದಿಗೆ ಒಬ್ಬರಂತೆ ಮತ್ತೆ ಕಾಯಿಲೆ ಮರಳುತ್ತದೆ. ಮರಳಿದವರಲ್ಲಿ ಮೂರನೆಯ ಸಲದ ಸಂಭವ ಇನ್ನೂ ಹೆಚ್ಚು. ಮಾತ್ರೆ, ಸುಧಾರಣೆ, ಎರಡು ವಾರ ಬಿಟ್ಟು ಮತ್ತೆ ಭೇದಿ, ಮತ್ತೆ ಮಾತ್ರೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡವರು ಮದುವೆ ಮನೆಗೆ ಹೋಗುವುದನ್ನು, ಬಸ್ಸು ಹತ್ತುವುದನ್ನು ಬಿಡುತ್ತಾರೆ.

ಮಲ ಕಸಿಯ ಆಲೋಚನೆ ಇಲ್ಲಿ ಬರುತ್ತದೆ. ಕಳೆದುಹೋದ ಬಳಗವನ್ನು ಒಂದೊಂದಾಗಿ ಹುಡುಕಿ ತರುವ ಬದಲು, ಆರೋಗ್ಯವಂತರೊಬ್ಬರ ಇಡೀ ಬಳಗವನ್ನೇ ತಂದು ಬಿಡುವುದು. ಹಸು ಸಾಕಿದವರಿಗೆ, ಕೋಲಾರದಲ್ಲಿ ಅಂಥವರೇ ಹೆಚ್ಚು, ಇದು ಅಚ್ಚರಿಯಲ್ಲ. ಮೇವು ಮುಟ್ಟದೆ, ಮೆಲುಕು ಹಾಕದೆ ನಿಂತ ದನಕ್ಕೆ ಗಟ್ಟಿಮುಟ್ಟಾದ ದನದ ಹೊಟ್ಟೆಯ ರಸ ತಂದು ಕುಡಿಸುವುದು ಪಶುವೈದ್ಯರ ಹಳೆಯ ವಿದ್ಯೆ. ನಾಲ್ಕನೇ ಶತಮಾನದ ಚೀನಾದ ವೈದ್ಯ ಗೆ ಹಾಂಗ್ ಮನುಷ್ಯರಿಗೇ ಮಲದ ಕಷಾಯ ಸೂಚಿಸಿದ್ದ. ಆಧುನಿಕ ದಾಖಲೆ 1958ರದು. ಅಮೆರಿಕದ ಡೆನ್ವರ್‌ನ ಶಸ್ತ್ರವೈದ್ಯ ಬೆನ್ ಐಸ್ಮನ್ ಮತ್ತು ಸಂಗಡಿಗರು ಪೊರೆಗಟ್ಟಿದ ಕರುಳುರಿತದ ನಾಲ್ವರು ರೋಗಿಗಳಿಗೆ ಮಲದ ಎನಿಮಾ ಕೊಟ್ಟರು, ನಾಲ್ವರೂ ಚೇತರಿಸಿಕೊಂಡರು. ಸಿ-ಡಿಫ್ ಕಾರಣವೆಂದು ಗೊತ್ತಾಗಲು ಇನ್ನೂ ಇಪ್ಪತ್ತು ವರ್ಷವಿತ್ತು. ಅಷ್ಟರಲ್ಲಿ ವ್ಯಾಂಕೋಮೈಸಿನ್ ಬಂತು, ವಿಷಯ ಮೂಲೆಗೆ ಬಿತ್ತು. ನಾಲ್ಕು ರೋಗಿಗಳ ಕಥೆಯನ್ನು ಯಾರೂ ಪುರಾವೆ ಎನ್ನುವುದಿಲ್ಲ, ಎನ್ನಲೂಬಾರದು.

ಪುರಾವೆ ಬಂದದ್ದು 2013ರ ಜನವರಿಯಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಿಂದ. ಎಲ್ಸ್ ಫಾನ್ ನೂಡ್ ಮತ್ತು ತಂಡದವರು ಪದೇಪದೇ ಸಿ-ಡಿಫ್ ಬಂದವರನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಾಲ್ಕೈದು ದಿನ ವ್ಯಾಂಕೋಮೈಸಿನ್, ಕರುಳು ತೊಳೆದು, ಮೂಗಿನ ಮೂಲಕ ಸಣ್ಣ ಕರುಳಿಗೆ ಇಳಿಸಿದ ನಳಿಗೆಯಲ್ಲಿ ದಾನಿಯ ಮಲದ್ರವ. ಇನ್ನೊಂದಕ್ಕೆ ಬರೀ ವ್ಯಾಂಕೋಮೈಸಿನ್. ಮೂರನೆಯದಕ್ಕೆ ವ್ಯಾಂಕೋಮೈಸಿನ್ ಮತ್ತು ಕರುಳು ತೊಳೆಯುವಿಕೆ. ಮೊದಲ ಗುಂಪಿನ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು, ಇಬ್ಬರು ಎರಡನೇ ಸಲಕ್ಕೆ. ಬರೀ ವ್ಯಾಂಕೋಮೈಸಿನ್‌ನ 13ರಲ್ಲಿ 4, ತೊಳೆದವರಲ್ಲಿ 13ಕ್ಕೆ 3. ಅಂತರ ಎಷ್ಟು ಎದ್ದು ಕಂಡಿತೆಂದರೆ ಉಳಿದ ಗುಂಪುಗಳಿಗೆ ಈ ಚಿಕಿತ್ಸೆ ತಪ್ಪಿಸುವುದು ಸರಿಯಲ್ಲವೆಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಚಿಕ್ಕ ಪ್ರಯೋಗವೇ, ಒಪ್ಪೋಣ. ಮುಂದೆ ಬಂದ ಪ್ರಯೋಗಗಳೂ ಹೆಚ್ಚಾಗಿ ಇದೇ ದಿಕ್ಕಿಗೆ ಬೆರಳು ತೋರಿಸಿದವು.

ಮಾಡುವ ಬಗೆಯಲ್ಲಿ ಗುಟ್ಟೇನಿಲ್ಲ. ದಾನಿ ಬೆಳಿಗ್ಗೆ ಕೊಟ್ಟ ಮಲದಲ್ಲಿ ಸುಮಾರು 50 ಗ್ರಾಂ ತೂಗಿ, ಸಲೈನಿನಲ್ಲಿ ಕದಡಿ, ನಾರು ಗಷ್ಟು ಸೋಸಿ, ಕೆಲವು ಗಂಟೆಗಳೊಳಗೆ ಬಳಸಬೇಕು ಇಲ್ಲವೇ ಗ್ಲಿಸರಿನ್ ಸೇರಿಸಿ ಘನೀಕರಿಸಬೇಕು. ಒಂದು ಗ್ರಾಂ ಮಲದಲ್ಲಿ ಹತ್ತು ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಬಹುಪಾಲಿಗೆ ಆಮ್ಲಜನಕ ವಿಷ. ಅವಸರ ಅದಕ್ಕೇ. ಕೊಲೊನೋಸ್ಕೋಪಿಯ ನಳಿಗೆಯಿಂದ ದೊಡ್ಡ ಕರುಳಿನ ಆರಂಭಕ್ಕೆ ಬಿಡುವುದು ಹೆಚ್ಚು ರೂಢಿ. ಘನೀಕರಿಸಿದ್ದು ತಾಜಾದಷ್ಟೇ ಕೆಲಸ ಮಾಡುತ್ತದೆ ಎಂದು 2016ರಲ್ಲಿ, ಕ್ಯಾಪ್ಸೂಲಿನಲ್ಲಿ ನುಂಗಿಸಿದರೂ ಕೊಲೊನೋಸ್ಕೋಪಿಯಷ್ಟೇ ಫಲ ಎಂದು 2017ರಲ್ಲಿ ಕೆನಡಾದ ಅಧ್ಯಯನಗಳು ತೋರಿಸಿದವು. ರೋಗಿಗಳು ಹೇಸುತ್ತಾರೆಯೇ? ಡಾಕ್ಟರುಗಳಷ್ಟು ಹೇಸುವುದಿಲ್ಲ. ಆರು ತಿಂಗಳು ಕಕ್ಕಸಿನ ಬಾಗಿಲು ಕಾದವರಿಗೆ ಹೇಸಿಗೆಯ ಅಳತೆಯೇ ಬೇರೆ.

ಕಷ್ಟವಿರುವುದು ದಾನಿಯ ಆಯ್ಕೆಯಲ್ಲಿ. ಅಮೆರಿಕದಲ್ಲಿ 2012ರಲ್ಲಿ ಶುರುವಾದ ಓಪನ್‌ಬಯೋಮ್ ಎಂಬ ಮಲ ಬ್ಯಾಂಕು, ಕೊಡಲು ಬಂದವರಲ್ಲಿ ನೂರಕ್ಕೆ ಮೂರು ಮಂದಿಯನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಎಚ್‌ಐವಿ, ಹೆಪಟೈಟಿಸ್, ಪರಾವಲಂಬಿ ಹುಳುಗಳು, ಸಾಲ್ಮೊನೆಲ್ಲಾ, ಸ್ವತಃ ಸಿ-ಡಿಫ್ ಎಲ್ಲದರ ಪರೀಕ್ಷೆ. ಆ್ಯಂಟಿಬಯಾಟಿಕ್ ಇತ್ತೀಚೆಗೆ ನುಂಗಿದ್ದರೆ, ಬೊಜ್ಜು, ಮಧುಮೇಹ ಇದ್ದರೆ ಆಗುತ್ತಿರಲಿಲ್ಲ. ಪಾಸಾದವರಿಗೆ ಒಂದು ಸಲಕ್ಕೆ 40 ಡಾಲರ್ ಸಂಭಾವನೆ ಸಿಗುತ್ತಿತ್ತು. ಕೆಜಿಎಫ್‌ನಲ್ಲಿ ಅದನ್ನೇ ಹೊತ್ತವರ ದಿನಗೂಲಿಯ ಪಕ್ಕದಲ್ಲಿ ಈ ಅಂಕಿ ಇಟ್ಟು ನೋಡದೆ ಇರಲಾಗುವುದಿಲ್ಲ.

ಇಷ್ಟು ಎಚ್ಚರ ಸಾಲದೆಂದು 2019ರಲ್ಲಿ ಗೊತ್ತಾಯಿತು. ಅಮೆರಿಕದ ಎರಡು ಪ್ರಯೋಗಗಳಲ್ಲಿ ಒಬ್ಬನೇ ದಾನಿಯ ಮಲದ ಕ್ಯಾಪ್ಸೂಲು ನುಂಗಿದ, ರೋಗನಿರೋಧಕ ಶಕ್ತಿ ಕುಗ್ಗಿದ್ದ ಇಬ್ಬರಿಗೆ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಇ. ಕೋಲಿ ರಕ್ತಕ್ಕೆ ಸೇರಿತು. ಒಬ್ಬರು ತೀರಿಕೊಂಡರು. ಆ ದಾನಿಯ ಮಲದಲ್ಲಿ ಇಂಥ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಿರಲಿಲ್ಲ. ಅಂದಿನಿಂದ ಈ ಪರೀಕ್ಷೆ ಕಡ್ಡಾಯ. ನಮ್ಮಲ್ಲಿ ಮಲ ಕಸಿ ಯೋಚಿಸುವವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಇದೇ ಎಂದು ನನ್ನ ಅಭಿಪ್ರಾಯ. ಭಾರತದಲ್ಲಿ ಯಾವ ಕಾಯಿಲೆಯೂ ಇಲ್ಲದವರ ಕರುಳಿನಲ್ಲೂ ಔಷಧಿಗೆ ಬಗ್ಗದ ಇ. ಕೋಲಿ ಧಾರಾಳವಾಗಿ ಸಿಗುತ್ತದೆ. ನೀರಿನಿಂದ, ಕೋಳಿಫಾರಮಿನಿಂದ, ಚೀಟಿಯಿಲ್ಲದ ಮಾತ್ರೆಯಿಂದ. ಅಣ್ಣನೋ ತಂಗಿಯೋ ಆರೋಗ್ಯವಾಗಿ ಓಡಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಅವರ ಮಲ ಸುರಕ್ಷಿತವಲ್ಲ.

ಹಾಗಾಗಿ ಕಂಪನಿಗಳು ಮಲದಿಂದ ಬೇಕಾದ್ದನ್ನಷ್ಟೇ ಬಸಿಯಲು ಹೊರಟವು. 2022ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಗುದದ ಮೂಲಕ ಕೊಡುವ ರೆಬಯೋಟಾವನ್ನು, 2023ರ ಏಪ್ರಿಲಿನಲ್ಲಿ ವೌಸ್ಟ್ ಎಂಬ ಕ್ಯಾಪ್ಸೂಲನ್ನು ಒಪ್ಪಿದರು. ವೌಸ್ಟ್ ಮಾಡುವ ಉಪಾಯ ಜಾಣತನದ್ದು. ದಾನಿಯ ಮಲವನ್ನು ಆಲ್ಕೊಹಾಲಿನಲ್ಲಿ ನೆನೆಸುತ್ತಾರೆ. ಇ. ಕೋಲಿಯಂಥವು ಸಾಯುತ್ತವೆ, ಬೀಜಕ ಕಟ್ಟುವ ಒಳ್ಳೆಯ ಜಾತಿಗಳು ಉಳಿಯುತ್ತವೆ. ಯಾವ ಗುಣದಿಂದ ಸಿ-ಡಿಫ್ ಸ್ಯಾನಿಟೈಸರಿಗೆ ಜಗ್ಗುವುದಿಲ್ಲವೋ ಅದೇ ಗುಣವನ್ನು ಅದರ ವಿರೋಧಿಗಳಲ್ಲಿ ಬಳಸಿಕೊಂಡರು. ದಿನಕ್ಕೆ 4ರಂತೆ 3 ದಿನ, ಒಟ್ಟು 12 ಕ್ಯಾಪ್ಸೂಲು. 2023ರಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ 17,500 ಡಾಲರ್ ಇತ್ತು, ಆಗಿನ ಲೆಕ್ಕಕ್ಕೆ ಹೆಚ್ಚುಕಡಿಮೆ 14 ಲಕ್ಷ ರೂಪಾಯಿ. ಒಂದು ಕ್ಯಾಪ್ಸೂಲಿಗೆ ಲಕ್ಷ ದಾಟಿತು. ಚಿನ್ನದೂರಿನವರಾದರೂ ಈ ದರಕ್ಕೆ ಬೆಚ್ಚಿಬೀಳುತ್ತಾರೆ.

ಭಾರತದ ವೈದ್ಯರು ಮಲ ಕಸಿಯನ್ನು ಹೆಚ್ಚಾಗಿ ಬೇರೆ ಕಾಯಿಲೆಗಳಲ್ಲಿ ಪರೀಕ್ಷಿಸಿದ್ದಾರೆ. ಲೂಧಿಯಾನದ ದಯಾನಂದ ವೈದ್ಯಕೀಯ ಕಾಲೇಜಿನ ಅಜಿತ್ ಸೂದ್ ಮತ್ತವರ ತಂಡ, ದೆಹಲಿಯ ಏಮ್ಸ್ ತಂಡ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳುರಿತದಲ್ಲಿ ಬಳಸಿದವು. ಏಮ್ಸ್‌ನವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಸಿಯ ಜೊತೆಗೆ ಊಟದ ಪಥ್ಯವನ್ನೂ ಸೇರಿಸಿದ್ದರು, ನನಗೆ ಇದು ಬಹಳ ಹಿಡಿಸಿತು. ತಂದು ಬಿಟ್ಟ ಜೀವಿಗಳಿಗೆ ತಿನ್ನಲು ನಾರು ಬೇಡವೇ? ದೆಹಲಿಯ ಯಕೃತ್ ಸಂಸ್ಥೆಯಲ್ಲಿ ಕುಡಿತದಿಂದ ಯಕೃತ್ತು ಉರಿದವರಿಗೆ ಕೊಟ್ಟು ನೋಡಿದ್ದಾರೆ. ಇವೆಲ್ಲ ಇನ್ನೂ ಸಂಶೋಧನೆಯ ಹಂತದವು. ಬೊಜ್ಜು, ಆಟಿಸಂ, ಖಿನ್ನತೆ ಎಲ್ಲಕ್ಕೂ ಮಲ ಕಸಿ ರಾಮಬಾಣ ಎಂದು ಮೊಬೈಲಿನಲ್ಲಿ ಯಾರಾದರೂ ಕಳಿಸಿದರೆ ಅಳಿಸಿಬಿಡಿ. ಪಕ್ಕಾ ಆಗಿರುವುದು ಮರುಕಳಿಸುವ ಸಿ-ಡಿಫ್ ಒಂದರಲ್ಲೇ. ಮನೆಯಲ್ಲೇ ಮಿಕ್ಸಿ, ಎನಿಮಾ ಡಬ್ಬಿ ಹಿಡಿದು ಮಾಡಿಕೊಳ್ಳುವ ವಿಡಿಯೊಗಳೂ ಇವೆ. 2019ರಲ್ಲಿ ಸತ್ತವರಿಗೆ ಕೊಟ್ಟದ್ದು ದೊಡ್ಡ ಆಸ್ಪತ್ರೆಯಲ್ಲಿ ತಯಾರಾದ ಕ್ಯಾಪ್ಸೂಲು ಎಂಬುದನ್ನು ಅವರಿಗೆ ಹೇಳಬೇಕು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿಯ ದಿನ ಮಾರಿಕುಪ್ಪಂ ರೈಲಿನಿಂದ ಶುರುವಾಗುತ್ತದೆ. ಬಂಗಾರಪೇಟೆ ಜಂಕ್ಷನ್ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ದೊಡ್ಡ ಕಾಯಿಲೆಯಾದರೂ ಅದೇ ರೈಲು. ನಿಲ್ಲದ ಭೇದಿಗೆಂದು ಅದನ್ನು ಹತ್ತುವವರಿಗೆ ಮಲ ಕಸಿ ಬಹಳ ದೂರದ ಮಾತು. ಬಹುಪಾಲು ಜನಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ. ಮೊದಲು ಬೇಕಾದದ್ದು ಮಲದಲ್ಲಿ ಸಿ-ಡಿಫ್‌ನ ವಿಷ ಇದೆಯೇ ಎಂಬ ಪರೀಕ್ಷೆ, ಇದ್ದರೆ ಮೊದಲಿನ ಆ್ಯಂಟಿಬಯಾಟಿಕ್ ಸಾಧ್ಯವಾದಷ್ಟು ಬೇಗ ನಿಲ್ಲಿಸುವುದು. ಪಾನಿಪುರಿ ತಿಂದದ್ದು ಯಾವತ್ತು ಎಂಬುದಕ್ಕಿಂತ, ಕಳೆದ ಮೂರು ತಿಂಗಳಲ್ಲಿ ಹಲ್ಲಿಗೆ, ಕೆಮ್ಮಿಗೆ, ಉರಿಮೂತ್ರಕ್ಕೆ ನುಂಗಿದ ಮಾತ್ರೆ ಯಾವುದು ಎಂಬುದು ಡಾಕ್ಟರಿಗೆ ಹೆಚ್ಚು ಬೇಕು. ಹೆಸರು ನೆನಪಿರುವುದಿಲ್ಲ. ಖಾಲಿ ಸ್ಟ್ರಿಪ್ಪುಗಳನ್ನೇ ಚೀಲಕ್ಕೆ ಹಾಕಿಕೊಂಡು ರೈಲು ಹತ್ತುವುದು ಒಳ್ಳೆಯದು.